ಮೂರನೇ ಸಾಲು ಖಾಲಿ ಬಿಟ್ಟ ತಮ್ಮ

ಮನೆಯವರ ಗುಂಪು, 2025ರ ಅಕ್ಟೋಬರ್ ಕೊನೆ, ಅಮೆರಿಕದ ವರ್ಜೀನಿಯಾ ರಾಜ್ಯದ ಚುನಾವಣೆಯ ಹೊತ್ತು

ತಮ್ಮ, ರಿಚ್ಮಂಡ್: (ಶರ್ಟಿಗೆ ಅಂಟಿಸಿಕೊಂಡ ವೋಟಿನ ಸ್ಟಿಕರ್ ಫೋಟೋ, ಕೆಳಗೆ ಒಂದು ಸುದ್ದಿಯ ಲಿಂಕ್) ಊಟದ ಬಿಡುವಿನಲ್ಲಿ ಹೋಗಿ ವೋಟು ಹಾಕಿ ಬಂದೆ. ಗವರ್ನರ್‌ಗೆ ಹಾಕಿದೆ. ಲೆಫ್ಟಿನೆಂಟ್ ಗವರ್ನರ್‌ಗೂ ಹಾಕಿದೆ, ಹೈದರಾಬಾದಿನಲ್ಲಿ ಹುಟ್ಟಿದ ಘಜಾಲಾ ಹಶ್ಮಿ ನಿಂತಿದ್ದಾರಲ್ಲ. ಮೂರನೇ ಸಾಲು ರಾಜ್ಯ ಸರ್ಕಾರದ ವಕೀಲರದು, ಅಂದರೆ ಅಟಾರ್ನಿ ಜನರಲ್‌ದು. ಅದನ್ನು ಖಾಲಿ ಬಿಟ್ಟೆ. ಈ ಸುದ್ದಿ ಓದಿ ಸಾಕಾಗಿದೆ.

ಚಿಕ್ಕಮ್ಮ, ಮೈಸೂರು: ಏನಂತೆ ಅದು? ಕನ್ನಡದಲ್ಲಿ ಹೇಳೋ.

ತಮ್ಮ, ರಿಚ್ಮಂಡ್: ಡೆಮಾಕ್ರಟ್ ಪಕ್ಷದಿಂದ ಜೇ ಜೋನ್ಸ್ ಅಂತ ನಿಂತಿದ್ದಾರೆ ಚಿಕ್ಕಮ್ಮ. 2022ರಲ್ಲಿ ಒಬ್ಬ ಶಾಸಕಿಗೆ ಕಳಿಸಿದ ಮೆಸೇಜು ಈಗ ಹೊರಗೆ ಬಂದಿದೆ. ಆಗ ಇಲ್ಲಿ ಸ್ಪೀಕರ್ ಆಗಿದ್ದ ಟಾಡ್ ಗಿಲ್ಬರ್ಟ್, ಹಿಟ್ಲರ್, ಕಾಂಬೋಡಿಯಾದ ಸರ್ವಾಧಿಕಾರಿ ಪೋಲ್ ಪಾಟ್ ಮೂವರೂ ಎದುರಿಗಿದ್ದು ಎರಡೇ ಗುಂಡು ಇದ್ದರೆ, ಎರಡೂ ಗಿಲ್ಬರ್ಟ್ ತಲೆಗೇ ಅಂತ ಬರೆದಿದ್ದರು. ಕ್ಷಮೆ ಕೇಳಿದ್ದಾರೆ. ಆದರೂ ಇಡೀ ರಾಜ್ಯದ ವಕೀಲ ಆಗುವವರು ಬರೆಯುವ ಮಾತಾ ಇದು? ಈಗ ಆ ಕುರ್ಚಿಯಲ್ಲಿರುವ ರಿಪಬ್ಲಿಕನ್ ಪಕ್ಷದ ಜೇಸನ್ ಮಿಯಾರೆಸ್‌ಗೆ ಹಾಕಲೂ ಮನಸ್ಸು ಬರಲಿಲ್ಲ. ಇಬ್ಬರೂ ಬೇಡ ಅಂತ ಬಿಟ್ಟೆ.

ಮಾವ, ಹಾಸನ: ಸರಿಯಾಗೇ ಮಾಡಿದೆ. ಸರ್ಕಾರದ ವಕೀಲನನ್ನು ಜನ ವೋಟು ಹಾಕಿ ಆರಿಸುವುದೇ ತಪ್ಪು. ನಮ್ಮಲ್ಲಿ ಸಂವಿಧಾನದ 165ನೇ ವಿಧಿ ಇದೆ. ರಾಜ್ಯಪಾಲರು ಅಡ್ವೊಕೇಟ್ ಜನರಲ್‌ರನ್ನು ನೇಮಿಸುತ್ತಾರೆ, ಹೈಕೋರ್ಟ್ ಜಡ್ಜ್ ಆಗುವ ಅರ್ಹತೆ ಇರಬೇಕು, ಮುಗೀತು. ಬ್ಯಾನರ್ ಇಲ್ಲ, ಭಾಷಣ ಇಲ್ಲ.

ಅಕ್ಕ, ಆಶ್‌ಬರ್ನ್: ಮಾವ, ನೀವು ದೊಡ್ಡವರು, ಕೋರ್ಟು ನೋಡಿದವರು. ಆದರೆ ಇವನಿಗೆ ಶಹಭಾಸ್ ಹೇಳಬೇಡಿ. ನನಗೆ ನಿಜವಾಗಿ ಬೇಜಾರಾಗಿದೆ.

2013ರಲ್ಲಿ ಇದೇ ವರ್ಜೀನಿಯಾದಲ್ಲಿ ಇದೇ ಹುದ್ದೆಗೆ ಮಾರ್ಕ್ ಹೆರಿಂಗ್, ಮಾರ್ಕ್ ಒಬೆನ್‌ಶೈನ್ ಇಬ್ಬರು ನಿಂತಿದ್ದರು. ಹೆರಿಂಗ್ ನಮ್ಮ ಲೌಡನ್ ಕಡೆಯವರೇ. 22 ಲಕ್ಷಕ್ಕೂ ಜಾಸ್ತಿ ಜನ ವೋಟು ಹಾಕಿದ್ದರು. ಅಂತರ ಎಷ್ಟು ಗೊತ್ತಾ? 165. ಡಿಸೆಂಬರ್‌ನಲ್ಲಿ ಮರು ಎಣಿಕೆ ಆಗಿ ಅದು 907 ಆಯಿತು. ಅದಕ್ಕೂ ಮುಂಚೆ, 2005ರಲ್ಲಿ, ಮರು ಎಣಿಕೆ ಮುಗಿದಾಗ 360. ನಮ್ಮೂರಿನ ಒಂದು ಮದುವೆ ಊಟಕ್ಕೆ ಕೂರುವಷ್ಟು ಜನ ಇಲ್ಲ ಅದು. 2013ರಲ್ಲಿ ನನ್ನ ಹತ್ತಿರ ಗ್ರೀನ್ ಕಾರ್ಡೂ ಇರಲಿಲ್ಲ, ಟೀವಿ ಮುಂದೆ ಕೂತು ಆ ನಂಬರ್ ದಿನಾ ಬದಲಾಗುವುದನ್ನು ನೋಡುತ್ತಿದ್ದೆ. ಈಗ ವೋಟಿದೆ. ಅದನ್ನು ಸುಮ್ನೆ ಚೆಲ್ಲುವುದು ನನ್ನಿಂದ ಆಗಲ್ಲ.

ತಮ್ಮ, ರಿಚ್ಮಂಡ್: ಚೆಲ್ಲಿಲ್ಲ ಅಕ್ಕ. ಖಾಲಿ ಬಿಟ್ಟಿದ್ದೂ ಒಂದು ಉತ್ತರವೇ.

ಅಕ್ಕ, ಆಶ್‌ಬರ್ನ್: ಯಾರಿಗೆ ಉತ್ತರ? ಮೆಷಿನ್ನಿಗೆ ಕಾಗದ ತೂರಿಸಿದೆ, ಅದು ಒಳಗೆ ಎಳೆದುಕೊಂಡಿತು. ನಿನಗೆ ಸಿಟ್ಟು ಬಂದು ಬಿಟ್ಟೆಯೋ, ಪೆನ್ನು ಎತ್ತಲು ಮರೆತೆಯೋ, ಅದಕ್ಕೇನು ಗೊತ್ತು? ನಿನ್ನ ಸಿಟ್ಟು ಯಾರಿಗೂ ತಲುಪಿಲ್ಲ ಕಣೋ.

ಜನವರಿ ನೆನಪು ಮಾಡಿಕೊ. 20ನೇ ತಾರೀಕು ಟ್ರಂಪ್ ಆದೇಶಕ್ಕೆ ಸಹಿ ಹಾಕಿದರು. ತಾಯಿ ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವರು ಅಲ್ಲದಿದ್ದರೆ, 30 ದಿನ ಆದ ಮೇಲೆ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಅಂತ. ನಮ್ಮ ಪುಟ್ಟಿಗೆ ಡಾಕ್ಟರ್ ಕೊಟ್ಟ ದಿನ ಫೆಬ್ರವರಿ 24. ಫ್ರಿಜ್ಜಿಗೆ ಅಂಟಿಸಿದ್ದ ಕ್ಯಾಲೆಂಡರ್‌ನಲ್ಲಿ ಆ 30 ದಿನ ಮುಗಿಯುವ 19ರ ಸುತ್ತ ಕೆಂಪು ಗುಂಡು ಹಾಕಿಕೊಂಡು ಕೂತಿದ್ದಳು, ನಾನೇ ಹೋಗಿ ಸಾರು ಅನ್ನ ಮಾಡಿಟ್ಟು ಬಂದೆ. ಆ ಆದೇಶದ ವಿರುದ್ಧ ಕೋರ್ಟಿಗೆ ಹೋಗಿದ್ದು ಯಾರು? 22 ರಾಜ್ಯಗಳ ಅಟಾರ್ನಿ ಜನರಲ್‌ಗಳು. 23ನೇ ತಾರೀಕೇ ಸಿಯಾಟಲ್‌ನ ಜಡ್ಜ್ ತಡೆ ಕೊಟ್ಟರು. ಆ 22ರಲ್ಲಿ ನಮ್ಮ ವರ್ಜೀನಿಯಾ ಇರಲಿಲ್ಲ. ಬೇರೆ ರಾಜ್ಯದ ವಕೀಲರು ನಮ್ಮ ಹುಡುಗಿಗಾಗಿ ಹೋರಾಡಿದರು, ನಾವು ನೋಡುತ್ತಾ ಕೂತಿದ್ದೆವು.

ಪುಟ್ಟಿ, ಹರ್ನ್‌ಡನ್: ಆ ಒಂದು ತಿಂಗಳು ನಾನು ಸರಿಯಾಗಿ ಮಲಗಿಲ್ಲ ಅಣ್ಣ. ಪಾಪುವಿನ ಪಾಸ್‌ಪೋರ್ಟ್ ಕೈಗೆ ಬರುವವರೆಗೂ ಅಮ್ಮನಿಗೆ ಏನೂ ಹೇಳಿರಲಿಲ್ಲ.

ಚಿಕ್ಕಮ್ಮ, ಮೈಸೂರು: ನನಗೆ ಇದೆಲ್ಲ ಈಗ ಗೊತ್ತಾಗುತ್ತಿದೆ. ಒಂದು ಫೋನು ಮಾಡಬಾರದಾಗಿತ್ತಾ ಮಗಳೇ.

ಮಾವ, ಹಾಸನ: ಪುಟ್ಟಿ ವಿಷಯ ಬೇರೆ, ಅದಕ್ಕೆ ನನಗೂ ಸಂಕಟ ಆಯಿತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಹೆರಿಂಗ್ ಅಂದೆಯಲ್ಲ, ಗೆದ್ದು ಬಂದ ಮೊದಲ ತಿಂಗಳಲ್ಲೇ, 2014ರ ಜನವರಿಯಲ್ಲಿ, ಸಲಿಂಗ ಮದುವೆ ನಿಷೇಧಿಸಿದ್ದ ತನ್ನ ರಾಜ್ಯದ ಕಾನೂನನ್ನು ನಾನು ಸಮರ್ಥಿಸುವುದಿಲ್ಲ ಅಂದರಲ್ಲ. ಕಾನೂನು ಸರಿಯೋ ತಪ್ಪೋ, ಕಕ್ಷಿದಾರನ ವಕೀಲನೇ ಎದುರು ಪಾರ್ಟಿ ಕಡೆ ಹೋಗಿ ನಿಂತರೆ ಕಕ್ಷಿದಾರ ಎಲ್ಲಿಗೆ ಹೋಗಬೇಕಮ್ಮ?

ಅಕ್ಕ, ಆಶ್‌ಬರ್ನ್: ಒಳ್ಳೆಯ ಪ್ರಶ್ನೆ ಮಾವ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಕಕ್ಷಿದಾರ ಯಾರು, ಸರ್ಕಾರವಾ ಜನವಾ? ನೀವೇ ಹೇಳುತ್ತಿದ್ದಿರಿ, ಸರ್ಕಾರ ಬದಲಾದಾಗಲೆಲ್ಲ ಸರ್ಕಾರಿ ವಕೀಲರೂ ಬದಲಾಗಿ, ಹೊಸಬರು ಫೈಲಿನ ದಾರ ಕೂಡ ಬಿಚ್ಚದೆ ಬಂದು ದಿನಾಂಕ ಕೇಳುತ್ತಿದ್ದರು ಅಂತ. ನೇಮಕ ಮಾಡಿದರೂ ರಾಜಕೀಯ ಇದ್ದೇ ಇರುತ್ತದೆ ಅಲ್ವಾ? ಇಲ್ಲೂ ಎಲ್ಲ ಕಡೆ ಚುನಾವಣೆ ಇಲ್ಲ. 43 ರಾಜ್ಯಗಳಲ್ಲಿ ಜನ ಆರಿಸುತ್ತಾರೆ. ನ್ಯೂಜೆರ್ಸಿಯಂಥ 5 ಕಡೆ ಗವರ್ನರ್ ನೇಮಿಸುತ್ತಾರೆ, ಮೇನ್‌ನಲ್ಲಿ ಶಾಸಕರು, ಟೆನೆಸಿಯಲ್ಲಿ ಸುಪ್ರೀಂ ಕೋರ್ಟು.

ಮಾವ, ಹಾಸನ: ಕೋರ್ಟೇ ನೇಮಿಸುತ್ತದಾ? ಅದು ನನಗೆ ಗೊತ್ತಿರಲಿಲ್ಲ. ಅದು ವಾಸಿ.

ತಮ್ಮ, ರಿಚ್ಮಂಡ್: ಅಕ್ಕ, ಎಲ್ಲ ಸರಿ. ಹಾಗಾದರೆ ಆ ಮೆಸೇಜು ಬರೆದವರಿಗೆ ಹಾಕು ಅಂತಲಾ ನೀನು ಹೇಳುವುದು?

ಅಕ್ಕ, ಆಶ್‌ಬರ್ನ್: ಇಲ್ಲ. ಆ ಮೆಸೇಜು ಅಸಹ್ಯ. ಅದಕ್ಕೆ ನಾನು ಯಾವ ನೆಪವನ್ನೂ ಹುಡುಕುವುದಿಲ್ಲ. ಮಿಯಾರೆಸ್‌ಗೆ ಹಾಕಬೇಕು ಅನ್ನಿಸಿದ್ದರೆ ಹಾಕಬಹುದಿತ್ತು ನೀನು. ಮೇಲಿನ ಎರಡು ಸಾಲಿನಲ್ಲಿ ಯಾವ ಪಕ್ಷಕ್ಕೆ ಹಾಕಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 2005ರಲ್ಲಿ ಡೆಮಾಕ್ರಟ್ ಟಿಮ್ ಕೇನ್ ಗವರ್ನರ್ ಆದರು, ರಿಪಬ್ಲಿಕನ್ ಬಾಬ್ ಮೆಕ್‌ಡೊನೆಲ್ ಅಟಾರ್ನಿ ಜನರಲ್ ಆದರು, ಅದೇ 360ರ ಕಥೆ. ಮುಂದಿನ 4 ವರ್ಷ ಇಬ್ಬರಲ್ಲಿ ಒಬ್ಬರು ಆ ಕುರ್ಚಿಯಲ್ಲಿ ಕೂರುವುದು ಖಂಡಿತ. ಯಾರು ಅನ್ನುವುದನ್ನು ಪಕ್ಕದ ಮನೆಯವರು ತೀರ್ಮಾನ ಮಾಡಲಿ ಅಂತ ಎದ್ದು ಬಂದೆಯಲ್ಲ, ನನ್ನ ಸಿಟ್ಟು ಅದಕ್ಕೆ. ನಾನೂ ಇನ್ನೂ ತೀರ್ಮಾನ ಮಾಡಿಲ್ಲ. ಎರಡು ರಾತ್ರಿ ಇಬ್ಬರ ಚರ್ಚೆಯ ವಿಡಿಯೋ ಹಾಕಿಕೊಂಡು ಕೂತಿದ್ದೇನೆ. ಶನಿವಾರ ಲೀಸ್‌ಬರ್ಗ್‌ಗೆ ಹೋಗಿ ಮೂರೂ ಸಾಲು ತುಂಬಿಸಿಯೇ ಬರುತ್ತೇನೆ.

ತಮ್ಮ, ರಿಚ್ಮಂಡ್: ನಂದು ಒಳಗೆ ಹೋಗಿಯಾಯಿತು, ಇನ್ನು ತಿದ್ದಲು ಬರಲ್ಲ. ನನ್ನ ಹೆಂಡತಿ ಇನ್ನೂ ಹಾಕಿಲ್ಲ, ಮಂಗಳವಾರ ಹೋಗುತ್ತಾಳೆ. ನೀನು ಬರೆದದ್ದನ್ನೆಲ್ಲ ಓದಿ ಹೇಳಿದೆ. ಆ ಚರ್ಚೆಯ ವಿಡಿಯೋ ಕಳಿಸು ಅಂತಿದ್ದಾಳೆ.

ಅಕ್ಕ, ಆಶ್‌ಬರ್ನ್: ಈಗಲೇ ಕಳಿಸುತ್ತೇನೆ. ಒಂದು ಗಂಟೆಯದು, ಪೂರ್ತಿ ನೋಡಲು ಹೇಳು.