ಅಪ್‌ಡೇಟ್: ನನ್ನ ಕಂಪ್ಯೂಟರ್ ಆನ್ ಆಯ್ತು!

ಹೋದ ತಿಂಗಳು ಇಲ್ಲಿ ಕೇಳಿದ್ದೆ: ಮೊದಲ ಸಲ ನಾನೇ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ, ರೈಜನ್ 5 7600 ಪ್ರೊಸೆಸರ್ ಜೊತೆ 32 ಜಿಬಿಯ ಒಂದೇ ರ‍್ಯಾಮ್ ಸಾಕಾ, ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಕಾ ಅಂತ. ನೀವು ಹೇಳಿದಂತೆ 16 ಜಿಬಿಯ ಎರಡು ತಗೊಂಡೆ. ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ಎರಡೂ ದಾರಿ (ಚಾನೆಲ್) ಕೆಲಸ ಮಾಡಬೇಕಲ್ವಾ. ಕಾರ್ಡ್ ಸದ್ಯಕ್ಕೆ ಬಿಟ್ಟೆ. ಪ್ರೊಸೆಸರ್‌ನಲ್ಲೇ ಚಿಕ್ಕ ಗ್ರಾಫಿಕ್ಸ್ ಇದೆ, ನನ್ನ ಕೋಡಿಂಗ್‌ಗೆ ಅಷ್ಟು ಸಾಕು. ಉಳಿದ ದುಡ್ಡಲ್ಲಿ ಒಳ್ಳೆಯ ಪವರ್ ಸಪ್ಲೈ ಬಂತು. ಬೆಂಗಳೂರಿನ ಎಸ್.ಪಿ. ರೋಡಲ್ಲೇ ಎಲ್ಲ ಸಿಕ್ಕಿತು.

ಮೊದಲ ಸಲ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಬೋರ್ಡಿನ ಮೂಲೆಯಲ್ಲಿ ರ‍್ಯಾಮ್‌ದು ಹಳದಿ ದೀಪ. ಎದೆ ಡವಡವ. ರ‍್ಯಾಮ್ ಕಿತ್ತು ಮತ್ತೆ ಹಾಕೋಣ ಅಂತ ಕೈ ಚಾಚಿದ್ದೆ. ಆಗ ನಿಮ್ಮಲ್ಲೊಬ್ಬರ ಮಾತು ನೆನಪಾಯಿತು: ಈ ಡಿಡಿಆರ್5 ಬಗೆಯ ರ‍್ಯಾಮ್ ಮೊದಲ ಬಾರಿ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಆಫ್ ಮಾಡಬೇಡ. ಸುಮ್ನೆ ಕೂತೆ. ಏಳನೇ ನಿಮಿಷಕ್ಕೆ ಬಯಾಸ್ (ಬೋರ್ಡಿನ ಸೆಟ್ಟಿಂಗ್ಸ್ ಪರದೆ) ಬಂತು! ಅಮ್ಮನನ್ನು ಕರೆದು ತೋರಿಸಿದೆ.

ರ‍್ಯಾಮ್ 4800 ವೇಗದಲ್ಲಿ ಓಡುತ್ತಿತ್ತು. ಬಯಾಸಲ್ಲಿ ರ‍್ಯಾಮ್‌ಗೆ ಪೂರ್ತಿ ವೇಗ ಕೊಡುವ ಸೆಟ್ಟಿಂಗ್ ಆದ ಎಕ್ಸ್‌ಪೋ ಆನ್ ಮಾಡಿದ ಮೇಲೆ ಪ್ಯಾಕೆಟ್ ಮೇಲಿದ್ದ 6000ಕ್ಕೆ ಏರಿತು. ಇದು ಸಾಮಾನ್ಯವಾಗಿ ತಾನಾಗೇ ಆನ್ ಆಗಲ್ಲ, ಮರೀಬೇಡಿ.

ಆ ಒಂದು ಮಾತು ಬರೆದವರಿಗೆ ತುಂಬಾ ಥ್ಯಾಂಕ್ಸ್. ಇದನ್ನೂ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ.