ಸ್ಖುಗ್, ಆಂಬಾ, ಹಮ್ಮಸ್: ಎಲ್ಲವೂ ‘ಚಟ್ನಿ’ಯೇ?

ನಮಸ್ಕಾರ.

ಟೆಲ್ ಅವೀವ್ ಮತ್ತು ಪ್ಯಾರಿಸ್‌ನ ಬೀದಿ ತಿಂಡಿಗಳ ಬಗ್ಗೆ ಗೆಳತಿಯೊಬ್ಬರು ಬರೆದ ಪ್ರವಾಸ ಲೇಖನವನ್ನು ತಿದ್ದಿಕೊಡುತ್ತಿದ್ದೇನೆ. ಫಲಾಫೆಲ್ (ಕಡಲೆ ರುಬ್ಬಿ ಕರಿದ ವಡೆ) ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿರುವ ಬಟ್ಟಲುಗಳನ್ನು ಅವರು ‘ಹಸಿರು ಚಟ್ನಿ, ಕೆಂಪು ಚಟ್ನಿ, ಹಳದಿ ಚಟ್ನಿ, ಬಿಳಿ ಚಟ್ನಿ’ ಎಂದು ಬರೆದಿದ್ದಾರೆ. ಓದುವವರಿಗೆ ಬಣ್ಣ ತಿಳಿಯುತ್ತದೆ, ರುಚಿ ತಿಳಿಯುವುದಿಲ್ಲ. ಕನ್ನಡದಲ್ಲಿ ಇವಕ್ಕೆ ಇನ್ನೂ ಹತ್ತಿರದ ಪದಗಳಿವೆ ಅಂತ ನನಗೆ ಅನಿಸುತ್ತದೆ. ನನಗೆ ತೋಚಿದ್ದನ್ನು ಇಡುತ್ತೇನೆ, ನಿಮ್ಮ ಕಡೆ ಏನನ್ನುತ್ತೀರಿ ತಿಳಿಸಿ.

ಮೊದಲು ಸ್ಖುಗ್. ಇದು ಯೆಮನ್‌ನ ಯಹೂದಿಗಳ ಮನೆಯ ಖಾರ. ಅವರಲ್ಲಿ ಕೆಲವರು 1880ರ ದಶಕದಲ್ಲೇ ಈಗ ಇಸ್ರೇಲ್ ಇರುವ ನಾಡಿಗೆ ಬಂದಿದ್ದರು. ಬಹುಪಾಲು ಜನ, ಅಂದರೆ ಸುಮಾರು 49 ಸಾವಿರ ಮಂದಿ, 1949–50ರಲ್ಲಿ ವಿಮಾನಗಳಲ್ಲಿ ಇಸ್ರೇಲಿಗೆ ಬಂದರು. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಏಲಕ್ಕಿ, ಉಪ್ಪು: ಇಷ್ಟನ್ನು ಜಜ್ಜಿದರೆ ಹಸಿರು ಸ್ಖುಗ್. ಹಸಿಮೆಣಸಿನಕಾಯಿ ಬದಲು ಕೆಂಪು ಮೆಣಸಿನಕಾಯಿ ಹಾಕಿದರೆ ಕೆಂಪು ಸ್ಖುಗ್. ಯೆಮನ್‌ನಲ್ಲಿ ಇದಕ್ಕೆ ‘ಸಹಾವಿಕ್’ ಎಂಬ ಹೆಸರೂ ಇದೆ. ಅರಬಿಯಲ್ಲಿ ಅದರ ಧಾತುವಿಗೆ ಕುಟ್ಟಿ ಪುಡಿ ಮಾಡು ಎಂಬ ಅರ್ಥ.

ಇಷ್ಟು ಓದಿದರೆ ಧಾರವಾಡ, ವಿಜಯಪುರ ಕಡೆಯವರಿಗೆ ಹಿಂಡಿ ನೆನಪಾಗದೆ ಇರುತ್ತದೆಯೇ? ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಒರಳಲ್ಲಿ ಕುಟ್ಟಿದ ಹಿಂಡಿಗೂ ಸ್ಖುಗ್‌ಗೂ ನಡುವೆ ಇರುವುದು ಏಲಕ್ಕಿ, ಕಾಳುಮೆಣಸಿನಷ್ಟು ದೂರ. ಕೆಂಪು ಸ್ಖುಗ್‌ಗೆ ಕೆಂಪು ಮೆಣಸಿನಕಾಯಿಯ ‘ರಂಜಕ’ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರು, ಮೈಸೂರು ಕಡೆ ಚಟ್ನಿ ಅಂದರೆ ಕಾಯಿ ಹಾಕಿ ನುಣ್ಣಗೆ ರುಬ್ಬಿದ್ದು, ಇಡ್ಲಿ ಮೇಲೆ ಧಾರಾಳವಾಗಿ ಸುರಿದುಕೊಳ್ಳುವಂಥದ್ದು. ಸ್ಖುಗ್ ಹಾಗಲ್ಲ. ಬೆರಳ ತುದಿಯಷ್ಟು ಸಾಕು. ಚಟ್ನಿ ಅಂತ ಓದಿಕೊಂಡು ಹೋದವರು ಒಂದು ಸೌಟು ಹಾಕಿಸಿಕೊಂಡರೆ ಕಣ್ಣಲ್ಲಿ ನೀರು ಖಂಡಿತ. ಹಾಗಾಗಿ ‘ಯೆಮನಿ ಹಿಂಡಿ’ ಅನ್ನುವುದೇ ನನಗೆ ಇಷ್ಟ. ದಕ್ಷಿಣದ ಓದುಗರಿಗೆ ಹಿಂಡಿ ಅಂದರೆ ದನಕ್ಕೆ ಹಾಕುವ ಹಿಂಡಿಯೇ ಮೊದಲು ಹೊಳೆಯುತ್ತದೆ, ಅದೊಂದು ತೊಡಕು. ‘ಖಾರದ ಹಿಂಡಿ’ ಎಂದರೆ ಸರಿಹೋದೀತೇ?

ಹಳದಿ ಬಟ್ಟಲಿನದು ಆಂಬಾ. ಈ ಪದ ನಮ್ಮ ನೆರೆಮನೆಯದೇ, ಮರಾಠಿಯಲ್ಲಿ ಮಾವಿಗೆ ಆಂಬಾ ಅನ್ನುತ್ತಾರೆ ಅಲ್ವಾ? ಬಾಗ್ದಾದಿನಿಂದ 1830ರ ದಶಕದಲ್ಲಿ ಮುಂಬೈಗೆ ಬಂದು ನೆಲೆಸಿದ ಸಸೂನ್ ಮನೆತನದ ವ್ಯಾಪಾರದ ಜೊತೆ ಮಾವಿನಕಾಯಿ ಉಪ್ಪಿನಕಾಯಿ ಇರಾಕಿಗೆ ಹೋಯಿತು ಎಂದು ಹೇಳುವುದುಂಟು. ಇರಾಕಿನ ಯಹೂದಿಗಳು ಅದನ್ನು 1950ರ ಸುಮಾರಿಗೆ ಇಸ್ರೇಲಿಗೆ ಒಯ್ದರು. ಕರಿದ ಬದನೆಕಾಯಿ, ಬೇಯಿಸಿದ ಮೊಟ್ಟೆ ತುಂಬಿದ ‘ಸಬೀಖ್’ ಎಂಬ ಪೀಟಾ ರೊಟ್ಟಿಗೆ ಆಂಬಾ ಇಲ್ಲದೆ ನಡೆಯುವುದಿಲ್ಲ. ಮಾವಿನಕಾಯಿ, ಉಪ್ಪು, ಅರಿಸಿನ, ಮೆಂತ್ಯ, ಸಾಸಿವೆ, ಖಾರ ಎಲ್ಲ ಇದ್ದರೂ ಇದನ್ನು ಬರೀ ‘ಉಪ್ಪಿನಕಾಯಿ’ ಎಂದರೆ ಓದುಗರ ಕಣ್ಣ ಮುಂದೆ ಎಣ್ಣೆಯಲ್ಲಿ ಮುಳುಗಿದ ಹೋಳು ಬರುತ್ತದೆ. ಅಂಗಡಿಯಲ್ಲಿ ಕೊಡುವ ಆಂಬಾ ಸುರಿಯುವಷ್ಟು ತೆಳು, ಹೋಳು ಕಡಿಮೆ. ‘ಮಾವಿನಕಾಯಿ ಗೊಜ್ಜು’ ಎಂದರೆ ಆ ಹದ ಬರುತ್ತದೆ, ಆದರೆ ಗೊಜ್ಜು ಅಂದರೆ ಬೆಲ್ಲದ ನಿರೀಕ್ಷೆಯೂ ಜೊತೆಗೆ ಬರುತ್ತದೆ. ಆಂಬಾದ ರುಚಿಯಲ್ಲಿ ಮುಂದೆ ನಿಲ್ಲುವುದು ಮೆಂತ್ಯದ ಕಹಿ. ನಾನಂತೂ ಆಂಬಾ ಎಂದೇ ಉಳಿಸಿ, ಒಮ್ಮೆ ವಿವರಿಸಿ ಮುಂದೆ ಹೋಗುವ ಪರ.

ಬೇಯಿಸಿದ ಕಡಲೆ ರುಬ್ಬಿ ಮಾಡುವ ಹಮ್ಮಸ್ ವಿಷಯದಲ್ಲಿ ಕಾಗುಣಿತವೇ ತಲೆನೋವು. ಅರಬಿಯ ಉಚ್ಚಾರಕ್ಕೆ ಹತ್ತಿರ ಹೋಗಿ ‘ಹುಮ್ಮಸ್’ ಎಂದು ಬರೆದರೆ ‘ಹುಮ್ಮಸ್ಸಿನಲ್ಲಿ ಎಣ್ಣೆ ಹಾಕಿದರು’ ಎಂಬ ವಾಕ್ಯ ಏನೇನೋ ಅರ್ಥ ಕೊಡುತ್ತದೆ. ಇಂಗ್ಲಿಷಿನ ದಾರಿ ಹಿಡಿದ ‘ಹಮ್ಮಸ್’ ಇಲ್ಲಿ ಉಪಕಾರಿ. ಇದೇ ತೊಂದರೆ ‘ಖಾರ’ ಎಂಬ ಅರ್ಥದ ಹೀಬ್ರೂ ಪದಕ್ಕೂ ಇದೆ. ಅಂಗಡಿಯವನು ಪೀಟಾ ಕೈಯಲ್ಲಿ ಹಿಡಿದು ಕೇಳುವ ಆ ಒಂದೇ ಪದದ ಪ್ರಶ್ನೆ ನಮ್ಮ ಕಿವಿಗೆ ‘ಖರೀಫ್?’ ಅಂತಲೇ ಕೇಳಿಸುತ್ತದೆ. ಹಾಗೇ ಬರೆದರೆ ಓದುಗರು ಮುಂಗಾರು ಬೆಳೆ ಅಂದುಕೊಳ್ಳುತ್ತಾರೆ. ಲೇಖನದಲ್ಲಿ ‘ಹರೀಫ್’ ಎಂದು ತಿದ್ದಿದ್ದೇನೆ.

ಹೀಬ್ರೂ ಆಡುವವರು ಹಮ್ಮಸ್ಸನ್ನು ‘ತಿನ್ನುತ್ತೇವೆ’ ಅನ್ನುವುದಕ್ಕಿಂತ ‘ಒರೆಸುತ್ತೇವೆ’ ಅನ್ನುವುದೇ ಜಾಸ್ತಿ. ಗೆಳತಿ ಅದನ್ನು ಹಾಗೇ ‘ಒರೆಸು’ ಎಂದಿದ್ದಾರೆ. ಕನ್ನಡದಲ್ಲಿ ಒರೆಸುವುದು ಮೇಜು, ನೆಲ, ಕಣ್ಣೀರು. ‘ಬಳಿದು ತಿನ್ನು’ ಎಂದರೆ ಎಷ್ಟು ಸೊಗಸು ನೋಡಿ. ಕಾಬೂಲಿ ಕಡಲೆ ಬೇಯಿಸಿ, ತಹೀನಿ, ಅಂದರೆ ನುಣ್ಣಗೆ ಅರೆದ ಎಳ್ಳು, ಸೇರಿಸಿ ರುಬ್ಬಿದ್ದನ್ನು ಅಡುಗೆಯವನು ಚಮಚದ ಬೆನ್ನಿಂದ ತಟ್ಟೆಯ ಸುತ್ತ ಬಳಿಯುತ್ತಾನೆ, ನಡುವೆ ಗುಳಿ ಮಾಡಿ ಆಲಿವ್ ಎಣ್ಣೆ ಬಿಡುತ್ತಾನೆ. ತಿನ್ನುವವರು ಪೀಟಾ ಚೂರಿನಿಂದ, ಕೆಲವರು ಹಸಿ ಈರುಳ್ಳಿಯ ಎಸಳಿನಿಂದ, ಅದನ್ನು ಬಳಿದು ತಿನ್ನುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕು.

ಇನ್ನು ಮುಖ್ಯ ಪ್ರಶ್ನೆ. ಈ ಬಟ್ಟಲುಗಳಿಗೆಲ್ಲ ಸೇರಿಸಿ ಏನನ್ನಬೇಕು? ‘ವ್ಯಂಜನ’ ಅಂದರೆ ಮಕ್ಕಳು ಕ ಖ ಗ ಘ ಶುರು ಮಾಡುತ್ತಾರೆ. ‘ಸಾಸ್’ ಅಂದರೆ ಟೊಮೆಟೊ ಬಾಟಲಿ. ನಮ್ಮಲ್ಲಿ ‘ನೆಂಚಿಕೊಳ್ಳೋಕೆ ಏನಿದೆ?’ ಅನ್ನುವ ಮಾತು ದಿನಾ ನಡೆಯುತ್ತದೆ. ನಂಚಿಕೊಳ್ಳು, ನಂಜಿಕೊಳ್ಳು ಅನ್ನುವವರೂ ಇದ್ದಾರೆ, ತೆಲುಗಿನಲ್ಲೂ ‘ನಂಜುಕೊನು’ ಇದೆ. ಮುಖ್ಯ ತಿನಿಸಿನ ಜೊತೆ ಚೂರುಚೂರೇ ತಾಗಿಸಿಕೊಂಡು ತಿನ್ನುವುದಕ್ಕೆ ಇದಕ್ಕಿಂತ ನಿಖರವಾದ ಕ್ರಿಯಾಪದ ನನಗೆ ಕಂಡಿಲ್ಲ. ಉತ್ತರ ಕರ್ನಾಟಕದಲ್ಲಿ ‘ಹಚ್ಚಿಕೊಂಡು ತಿನ್ನು’ ಇದೆ. ಆದರೆ ಬೇಕಿರುವುದು ನಾಮಪದ. ‘ನಂಜಿಕೆ’ ಎಂದರೆ ನಂಜು, ವಿಷ ಅನ್ನುವ ನೆರಳು ಬೀಳುತ್ತದೆ. ತಿನ್ನುವ ಪದಾರ್ಥಕ್ಕೆ ಅದು ಬೇಡ. ‘ನೆಂಚಿಕೆ’ ನನಗೆ ಹಿಡಿಸಿದೆ. ‘ಖಾರದ ನೆಂಚಿಕೆಗಳು’ ಅಂತ ಜೋರಾಗಿ ಓದಿ ನೋಡಿ, ನಾಲಿಗೆಗೆ ಸಲೀಸಾಗಿದೆ.

ಇನ್ನೊಂದು ತಿದ್ದುಪಡಿಗೂ ಅಭಿಪ್ರಾಯ ಬೇಕು. ಲೇಖನದ ತಲೆಬರಹ ‘ಇಸ್ರೇಲಿ ಹಮ್ಮಸ್’ ಎಂದಿದೆ. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನಿನ ಮನೆಗಳಲ್ಲಿ ತಲೆಮಾರುಗಳಿಂದ ಇರುವ ತಿನಿಸು ಇದು. ಹೆಸರೂ ಅರಬಿ, ಅರ್ಥ ಕಡಲೆ ಅಂತಷ್ಟೇ. ಈ ಹಕ್ಕಿನ ಜಗಳ ಎಷ್ಟು ಬಿಸಿಯಾಗಿತ್ತೆಂದರೆ 2010ರಲ್ಲಿ ಲೆಬನಾನಿನವರು 10,452 ಕಿಲೋ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅವರ ದೇಶದ ವಿಸ್ತೀರ್ಣವೂ 10,452 ಚದರ ಕಿಲೋಮೀಟರ್! ‘ಇಸ್ರೇಲಿನ ಬೀದಿಯಲ್ಲಿ ಹಮ್ಮಸ್’ ಎಂದರೆ ಸ್ಥಳ ಸರಿಯಾಗಿ ಬರುತ್ತದೆ, ಯಾರ ಅಡುಗೆಮನೆಯನ್ನೂ ಕಿತ್ತುಕೊಂಡಂತಾಗುವುದಿಲ್ಲ. ಸ್ಖುಗ್‌ಗೆ ‘ಯೆಮನಿ’, ಆಂಬಾಕ್ಕೆ ‘ಇರಾಕಿ’ ಎಂದು ಸೇರಿಸಿಬಿಡುವುದು ನ್ಯಾಯ.

‘ನೆಂಚಿಕೆ’ ಎಂಬ ರೂಪವನ್ನು ಮನೆಯಲ್ಲಿ ಆಡುವವರು ಯಾರಾದರೂ ಇದ್ದೀರಾ? ಕರಾವಳಿ, ಮಲೆನಾಡು, ಕೊಡಗಿನ ಕಡೆ ಇದಕ್ಕೆ ಬೇರೆ ಪದ ಇದ್ದರೆ ಊರಿನ ಹೆಸರಿನ ಸಮೇತ ಬರೆಯಿರಿ. ಜೊತೆಗೆ ತಹೀನಿಗೂ ಒಂದು ಮಾತು ಹೇಳಿ. ‘ಎಳ್ಳಿನ ಚಟ್ನಿ’ ಬೇಡ, ಅದು ನಮ್ಮಲ್ಲಿ ಬೇರೆಯೇ ಪದಾರ್ಥ.