ಇಂಟರ್ನೆಟ್ ಇಲ್ಲದ ವಾಚನಾಲಯಕ್ಕೆ ಕನ್ನಡದ ಮಾಹಿತಿ ಪೆಟ್ಟಿಗೆ: ಇದ್ದುದನ್ನು ಎಷ್ಟು ಬಳಸಬೇಕು, ನಾವೇ ಎಷ್ಟು ಬರೆಯಬೇಕು?

ಪ್ರಶ್ನೆ: ಎಣ್ಮಕಜೆಯ ವಾಚನಾಲಯದಿಂದ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಗುಡ್ಡದ ತಪ್ಪಲಲ್ಲಿರುವ ಒಂದು ಸಣ್ಣ ವಾಚನಾಲಯವನ್ನು ಸಂಜೆಯ ಹೊತ್ತು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡದ ನೆತ್ತಿಗೆ ಹತ್ತಬೇಕು. ಆಟಿಯ ಗಾಳಿಮಳೆಗೆ ಕಂಗು (ಅಡಿಕೆ ಮರ) ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಎರಡು ದಿನವಾದರೂ ಬರುವುದಿಲ್ಲ. ಹಾಗಾಗಿ ಕಳೆದ ವರ್ಷ ರಾಸ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕೀವಿಕ್ಸ್ ತಂತ್ರಾಂಶ ಹಾಕಿ, ಕನ್ನಡ ವಿಕಿಪೀಡಿಯದ ಪ್ರತಿಯನ್ನೂ ನಾವೇ ಟೈಪು ಮಾಡಿದ ಊರಿನ ಕೆಲವು ಬರಹಗಳನ್ನೂ ಸೇರಿಸಿ, ಅದರ ವೈಫೈಗೆ ಯಾರು ಬೇಕಾದರೂ ಫೋನ್ ಜೋಡಿಸಿ ಓದುವಂತೆ ಮಾಡಿದೆವು.

ಮೊದಲ ತಿಂಗಳು ಮಕ್ಕಳು ಉತ್ಸಾಹದಿಂದ ಬಂದರು. ಆಮೇಲೆ ಬಳಕೆ ಇಳಿಯಿತು. ಕಾರಣ ವಿಚಾರಿಸಿದಾಗ ಮೂರು ಸಂಗತಿಗಳು ಕಂಡವು. ವೈಫೈ ಜೋಡಿಸಿದ ಕೂಡಲೇ ಫೋನು ‘ಇಂಟರ್ನೆಟ್ ಇಲ್ಲ’ ಎಂದು ತೋರಿಸುವುದರಿಂದ ಪೆಟ್ಟಿಗೆ ಕೆಟ್ಟಿದೆಯೆಂದು ಮಕ್ಕಳು ತಿಳಿಯುತ್ತಾರೆ. ‘ಅಡಿಕೆ’ ಎಂದು ಹುಡುಕಿದರೆ ಕೆಲವೇ ಪುಟಗಳು ಬರುತ್ತವೆ. ಒಳಗೆ ಬೇಕಾದಷ್ಟು ಇದೆಯೆಂದು ನಮಗೆ ಗೊತ್ತಿದ್ದರೂ ಅವು ಸಿಗುವುದಿಲ್ಲ. ಮೂರನೆಯದಾಗಿ, ಒಮ್ಮೆ ತುಂಬಿಸಿದ ವಿಷಯ ಅಲ್ಲೇ ನಿಂತಿದೆ. ಹೊಸದನ್ನು ಸೇರಿಸುವ ಕ್ರಮವೇ ನಮ್ಮಲ್ಲಿಲ್ಲ.

ಪೈಥಾನ್ ತಿಳಿದಿರುವ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಈ ರಜೆಯಲ್ಲಿ ದುಡಿಯಲು ಸಿದ್ಧರಿದ್ದಾರೆ. ಎಲ್ಲವನ್ನೂ ಮೊದಲಿಂದ ಒಂದು ಆ್ಯಪ್ ಆಗಿ ಬರೆದು ಮುಕ್ತ ತಂತ್ರಾಂಶವಾಗಿ ಹಂಚೋಣ ಎಂಬುದು ಅವರ ಆಸೆ. ಅವರ ಎರಡು ತಿಂಗಳು ವ್ಯರ್ಥವಾಗಬಾರದೆಂಬ ಕಾಳಜಿಯಿಂದ ಕೇಳುತ್ತಿದ್ದೇನೆ: ಯಾವುದನ್ನು ಅವರು ಬರೆಯಬೇಕು, ಯಾವುದನ್ನು ಮುಟ್ಟದೆ ಬಿಡಬೇಕು?

ಉತ್ತರ 1: ಮಂಜೇಶ್ವರದ ಲಿನಕ್ಸ್ ಬಳಕೆದಾರ

ಹೊಸ ಆ್ಯಪ್ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೀವಿಕ್ಸ್ 2007ರಿಂದ ಬೆಳೆದುಬಂದದ್ದು. ಅದರ ಜಿಮ್ ಕಡತವು ಇಡೀ ವಿಶ್ವಕೋಶವನ್ನು ಒತ್ತಿ ಒಂದೇ ಕಡತವಾಗಿಸುವುದಲ್ಲದೆ, ಬಿಡಿಸದೆಯೇ ಬೇಕಾದ ಪುಟವನ್ನು ಮಾತ್ರ ತೆರೆದು ಕೊಡುತ್ತದೆ. ಇದನ್ನು ಎರಡು ತಿಂಗಳಲ್ಲಿ ಮತ್ತೆ ಬರೆಯಲಾಗದು, ಬರೆಯುವ ಅಗತ್ಯವೂ ಇಲ್ಲ. ಪಾಠ ಮತ್ತು ಅಭ್ಯಾಸಗಳಿಗೆ ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶ ಇದೆ. ಪೈಯನ್ನು ಕೂಡ ಪಕ್ಕಕ್ಕಿಟ್ಟು ಹಳೆಯ ಆಂಡ್ರಾಯ್ಡ್ ಫೋನಿನ ಕೀವಿಕ್ಸ್‌ನಿಂದಲೇ ಹಾಟ್‌ಸ್ಪಾಟ್ ಮೂಲಕ ಪುಸ್ತಕಗಳನ್ನು ಹಂಚಬಹುದು.

‘ಇಂಟರ್ನೆಟ್ ಇಲ್ಲ’ ಎಂಬ ಸೂಚನೆಗೆ ಪರಿಹಾರವಿದೆ. ಆಂಡ್ರಾಯ್ಡ್ ಫೋನು ವೈಫೈಗೆ ಸೇರಿದ ಕೂಡಲೇ ಒಂದು ಗೊತ್ತಾದ ವಿಳಾಸವನ್ನು ಕೇಳಿ, ನಿರೀಕ್ಷಿಸಿದ ಉತ್ತರ ಬಂತೇ ಎಂದು ನೋಡುತ್ತದೆ. ನಿಮ್ಮ ಪೆಟ್ಟಿಗೆಯ ಡಿಎನ್ಎಸ್ (ಯಾವ ವಿಳಾಸ ಯಾವ ಯಂತ್ರದ್ದೆಂದು ಹೇಳುವ ವ್ಯವಸ್ಥೆ) ಆ ವಿಳಾಸವನ್ನು ತನ್ನ ಕಡೆಗೇ ತಿರುಗಿಸಿ ಮುಖಪುಟಕ್ಕೆ ಕಳುಹಿಸುವಂತೆ ಮಾಡಿದರೆ, ರೈಲು ನಿಲ್ದಾಣದ ವೈಫೈಯಲ್ಲಿ ಬರುವಂತೆ ‘ಸೈನ್ ಇನ್’ ಎಂಬ ಸೂಚನೆ ಮೂಡುತ್ತದೆ. ಅದನ್ನು ಒತ್ತಿದರೆ ನೇರವಾಗಿ ನಿಮ್ಮ ಪುಟ ತೆರೆಯುತ್ತದೆ. ಹಾಗೆ ತೆರೆಯುವ ಸಣ್ಣ ಕಿಟಕಿಯಲ್ಲಿ ಕಡತ ಇಳಿಸಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ, ಆದ್ದರಿಂದ ‘ಕ್ರೋಮ್‌ನಲ್ಲಿ ಈ ವಿಳಾಸ ಬರೆಯಿರಿ’ ಎಂದು ಮುಖಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹೇಳಿಬಿಡಿ.

ಕರೆಂಟಿನ ವಿಷಯವನ್ನು ತಾವು ಹಗುರವಾಗಿ ತೆಗೆದುಕೊಳ್ಳಬಾರದು. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ಪೈಯ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಕಡತವ್ಯವಸ್ಥೆಯನ್ನು ಆನ್ ಮಾಡಿದರೆ ಕಾರ್ಡಿನ ಮೇಲೆ ಏನೂ ಬರೆಯಲ್ಪಡುವುದಿಲ್ಲ. 10,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಪೈ 3 ಸರಾಸರಿ 3 ವ್ಯಾಟ್ ಬಳಸುತ್ತದೆಂದು ಹಿಡಿದರೆ, ನಷ್ಟವನ್ನು ಕಳೆದರೂ ಒಂದು ಹಗಲಿಗೆ ಸಾಕು. ಪೈ 3ರಲ್ಲಿ ಗಡಿಯಾರದ ಚಿಪ್ ಇಲ್ಲ ಎಂಬುದೂ ನೆನಪಿರಲಿ. ಇಂಟರ್ನೆಟ್ ಇಲ್ಲದೆಡೆ ಕರೆಂಟು ಹೋಗಿ ಬಂದಾಗಲೆಲ್ಲ ಅದರ ದಿನಾಂಕ ತಪ್ಪುತ್ತದೆ. ಡಿಎಸ್3231 ಎಂಬ ಸಣ್ಣ ಗಡಿಯಾರದ ಬಿಡಿಭಾಗವನ್ನು ಜೋಡಿಸಿಕೊಳ್ಳಿ.

ಉತ್ತರ 2: ಬದಿಯಡ್ಕದಿಂದ, ಭಾಷಾ ತಂತ್ರಾಂಶದಲ್ಲಿ ಆಸಕ್ತಿಯುಳ್ಳವಳು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ನಾಲ್ವರಿಗೆ ನಿಜವಾದ ಕೆಲಸ ಇರುವುದು ಹುಡುಕಾಟದಲ್ಲಿ. ಅದನ್ನು ಕನ್ನಡಿಗರಲ್ಲದೆ ಬೇರೆ ಯಾರೂ ನಮಗಾಗಿ ಮಾಡಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಜಿಮ್ ಕಡತದ ಒಳಗಿನ ಹುಡುಕು ಸೂಚಿಯನ್ನು ಕಟ್ಟುವುದು ಕ್ಸೇಪಿಯನ್ ಎಂಬ ತಂತ್ರಾಂಶ. ಪದದ ಪ್ರತ್ಯಯಗಳನ್ನು ಕಳಚಿ ಮೂಲರೂಪಕ್ಕೆ ತರುವ ನಿಯಮಗಳನ್ನು ಅದು ಸ್ನೋಬಾಲ್ ಎಂಬ ಸಂಗ್ರಹದಿಂದ ಪಡೆಯುತ್ತದೆ. ಅದರಲ್ಲಿ ತಮಿಳು, ಹಿಂದಿ, ನೇಪಾಳಿಗಳಿಗೆ ನಿಯಮಗಳಿವೆ, ಕನ್ನಡಕ್ಕಿಲ್ಲ. ಆದ್ದರಿಂದ ಯಂತ್ರದ ಕಣ್ಣಿಗೆ ‘ಅಡಿಕೆ’, ‘ಅಡಿಕೆಯ’, ‘ಅಡಿಕೆಯನ್ನು’, ‘ಅಡಿಕೆಗೆ’ ಎಲ್ಲವೂ ಬೇರೆ ಬೇರೆ ಪದಗಳೇ. ನಮ್ಮ ವಾಕ್ಯಗಳಲ್ಲಿ ನಾಮಪದ ಹೆಚ್ಚಾಗಿ ವಿಭಕ್ತಿ ಸೇರಿಯೇ ಬರುವುದರಿಂದ ಅನೇಕ ಪುಟಗಳು ಹುಡುಕಾಟಕ್ಕೆ ಸಿಗದೆ ಹೋಗುತ್ತವೆ.

ನಿಮ್ಮ ಊರಿನ ಬರಹಗಳಿಗೆ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ಎಫ್‌ಟಿಎಸ್5 ಹುಡುಕು ಸೌಲಭ್ಯವನ್ನು ಬಳಸುವುದಾದರೆ ಇನ್ನೊಂದು ತೊಡಕಿದೆ. ಪಠ್ಯವನ್ನು ಪದಗಳಾಗಿ ಬಿಡಿಸುವ ಅದರ ಪೂರ್ವನಿಯೋಜಿತ ಪದವಿಂಗಡಕವು ಅಕ್ಷರ ಮತ್ತು ಅಂಕಿಗಳ ಯುನಿಕೋಡ್ ವರ್ಗಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಗುಣಿತದ ಚಿಹ್ನೆಗಳು, ಅಂದರೆ ಇಕಾರ, ಉಕಾರ, ಒತ್ತಕ್ಷರ ಮೂಡಿಸುವ ಹಲಂತ ಇವೆಲ್ಲ ಬೇರೆ ವರ್ಗಕ್ಕೆ ಸೇರಿದವು. ಹೀಗಾಗಿ ‘ಪುಸ್ತಕ’ ಎಂಬ ಒಂದು ಪದ ‘ಪ’, ‘ಸ’, ‘ತಕ’ ಎಂದು ಮೂರು ತುಂಡಾಗುತ್ತದೆ. ಕೋಷ್ಟಕ ರಚಿಸುವಾಗಲೇ ಆ ಚಿಹ್ನೆಗಳ ಎರಡು ವರ್ಗಗಳನ್ನೂ ಪದದ ಭಾಗವೆಂದು ಸೂಚಿಸುವ ಆಯ್ಕೆಯಿದೆ. ದಯವಿಟ್ಟು ಅದನ್ನು ಮರೆಯಬೇಡಿ.

ಸೂಚಿಗೆ ಹಾಕುವ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ. ‘ಕೊ’ ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಎರಡು. ಪೈಥಾನ್‌ನ ಯುನಿಕೋಡ್ ಸಾಮಾನ್ಯೀಕರಣ ಇದನ್ನು ಒಂದೇ ಸಾಲಿನಲ್ಲಿ ಸರಿಪಡಿಸುತ್ತದೆ. ‘ರಾಜ್‌ಕುಮಾರ್’ ಎಂಬ ಪದದ ನಡುವೆ ಕಣ್ಣಿಗೆ ಕಾಣದೆ ಕೂತಿರುವ ಜೋಡಣೆ ತಡೆಯುವ ಚಿಹ್ನೆಯನ್ನೂ ಸೂಚಿಯಿಂದ ತೆಗೆಯಬೇಕು, ಏಕೆಂದರೆ ಹುಡುಕುವವರೆಲ್ಲ ಅದನ್ನು ಟೈಪು ಮಾಡುವುದಿಲ್ಲ.

ಇಷ್ಟಾದ ಮೇಲೆ ಪ್ರತ್ಯಯಗಳ ಕೆಲಸ. ‘ಅನ್ನು, ಇಂದ, ಗೆ, ಅಲ್ಲಿ’ ಮುಂತಾದ ವಿಭಕ್ತಿಗಳನ್ನೂ ‘ಗಳು’ ಎಂಬ ಬಹುವಚನವನ್ನೂ, ಅವುಗಳ ಜೊತೆ ಬರುವ ಯಕಾರ, ವಕಾರ, ದಕಾರಗಳನ್ನೂ ಕಳಚುವ ನಿಯಮಪಟ್ಟಿ ಬರೆಯುವುದು ಒಂದು ವಾರದ ಕೆಲಸ. ‘ಕಾಸರಗೋಡು’ ‘ಕಾಸರಗೋಡಿನ’ ಆಗುವಂತಹ ಕಡೆ ಕೊನೆಯ ಉಕಾರವನ್ನೂ ಬಿಟ್ಟು ಹೋಲಿಸಬೇಕು. ಆದರೆ ನಿಯಮ ಕುರುಡಾಗಿ ನಡೆದರೆ ‘ಮಲ್ಲಿಗೆ’ಯಿಂದ ‘ಗೆ’ ಕಳಚಿ ‘ಮಲ್ಲಿ’ ಉಳಿಯುತ್ತದೆ. ಸಂಪಿಗೆ, ಹೋಳಿಗೆಗಳಿಗೂ ಅದೇ ಗತಿ. ‘ಹಲ್ಲಿ’ಯಲ್ಲಿ ಒಂದು ‘ಹ’ ಮಾತ್ರ ಉಳಿದೀತು. ಆದ್ದರಿಂದ ವಿನಾಯಿತಿಗಳ ಪಟ್ಟಿ ಬೇಕು, ಆ ಪಟ್ಟಿ ತಯಾರಿಸಲು ಕೋಡು ತಿಳಿದಿರಬೇಕಾಗಿಲ್ಲ. ‘ಮಳೆಗಾಲ’ದೊಳಗೆ ‘ಕಾಲ’ ಇದೆಯೆಂಬುದನ್ನು ಕಾಣಿಸುವಂತಹ ಸಮಾಸಗಳನ್ನು ಮಾತ್ರ ಸದ್ಯಕ್ಕೆ ಬಿಡಿ. ಆದೇಶ ಸಂಧಿಯನ್ನು ಯಂತ್ರಕ್ಕೆ ಕಲಿಸುವುದು ಈ ರಜೆಯಲ್ಲಿ ಮುಗಿಯುವುದಲ್ಲ.

ಈ ನಿಯಮಪಟ್ಟಿಯನ್ನು ನಿಮ್ಮ ಪೆಟ್ಟಿಗೆಯ ಕೋಡಿನೊಳಗೆ ಹೂತಿಡದೆ ಪ್ರತ್ಯೇಕ ಕೋಡ್ ಭಂಡಾರವಾಗಿ ಇಡಬೇಕೆಂದು ಬೇಡಿಕೊಳ್ಳುತ್ತೇನೆ. ಹಾಗಿದ್ದರೆ ಮುಂದೆ ಅದನ್ನು ಸ್ನೋಬಾಲ್ ಸಂಗ್ರಹಕ್ಕೆ ಸಲ್ಲಿಸಲು ಪ್ರಯತ್ನಿಸಬಹುದು. ಅಲ್ಲಿ ಒಪ್ಪಿಗೆಯಾದರೆ ಕೀವಿಕ್ಸ್ ಬಳಸುವ ಎಲ್ಲ ಕನ್ನಡಿಗರಿಗೂ ಅದರ ಪ್ರಯೋಜನ ತಲುಪೀತು.

ಉತ್ತರ 3: ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಯ ಟೀಚರ್

ಪೆಟ್ಟಿಗೆಯ ಒಳಗೆ ಏನಿರಬೇಕು ಎಂಬುದರ ಬಗ್ಗೆ ಎರಡು ಮಾತು. ನಮ್ಮ ಮಕ್ಕಳು ಕನ್ನಡದಲ್ಲಿ ಓದಿದರೂ ಅವರದು ಕೇರಳದ ಪಠ್ಯಕ್ರಮ. ಕರ್ನಾಟಕದ ಪಠ್ಯಕ್ಕೆ ತಯಾರಾದ ಸಿದ್ಧ ಸಂಗ್ರಹವನ್ನು ಹಾಗೆಯೇ ಹಾಕಿದರೆ ಪಾಠಗಳು ಹೊಂದುವುದಿಲ್ಲ. ಇದನ್ನು ಗಮನಿಸದೆ ಕೊಟ್ಟ ಹಾರ್ಡ್‌ಡಿಸ್ಕೊಂದು ನಾನು ಹಿಂದೆ ಇದ್ದ ಶಾಲೆಯ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಮಕ್ಕಳು ಮನೆಯಲ್ಲಿ ಆಡುವ ತುಳುವಿಗೆ 2016ರಿಂದ ಪ್ರತ್ಯೇಕ ವಿಕಿಪೀಡಿಯ ಇದೆ. ಅದನ್ನೂ ಮಲಯಾಳದ ವಿಕಿಪೀಡಿಯವನ್ನೂ ಸೇರಿಸಿ.

ಕೇರಳದ ಶಾಲಾ ಕಂಪ್ಯೂಟರುಗಳು ಬಹುಕಾಲದಿಂದ ಗ್ನು/ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಶಾಲೆಗಳ ತಂತ್ರಜ್ಞಾನವನ್ನು ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆ ಕೊಡುವ ಆವೃತ್ತಿ ಉಬುಂಟು ಆಧಾರಿತವಾದ್ದರಿಂದ, ಪೈಗಾಗಿ ಬರೆದ ಪೈಥಾನ್ ಕೋಡು ಬಹುಮಟ್ಟಿಗೆ ಶಾಲೆಯ ಲ್ಯಾಬಿನಲ್ಲೂ ಓಡುತ್ತದೆ. ವಿದ್ಯಾರ್ಥಿಗಳು ಅಲ್ಲಿಯೂ ಪರೀಕ್ಷಿಸಿ ನೋಡಲಿ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಜಾಗರೂಕತೆ ಬೇಕು, ಹಾಗೆಯೇ ಸಂತೋಷದ ಸುದ್ದಿಯೂ ಇದೆ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ನಿಧನರಾದದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳನ್ನು ಬಿಟ್ಟು ಮೂಲವನ್ನಷ್ಟೇ ಹಾಕಿ. 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಬರಹಗಳಿಗೆ ಅನುಮತಿ ಕೇಳಲೇಬೇಕು.

ಇನ್ನೊಂದು, ಪ್ರತಿ ಪುಟದ ಮೇಲೆ ‘ಇದನ್ನು ಪರಿಶೀಲಿಸಿದ ದಿನ’ ಎಂದು ನಮೂದಿಸಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಹಳತಾಗುವುದಿಲ್ಲ. ಸಹಾಯಧನದ ಅರ್ಜಿಯ ಕೊನೆಯ ದಿನಾಂಕ ಹಳತಾಗುತ್ತದೆ. ಎರಡೂ ಒಂದೇ ಬಗೆಯಲ್ಲಿ ಕಂಡರೆ ಓದುವ ರೈತರಿಗೆ ಮೋಸವಾಗುತ್ತದೆ.

ಉತ್ತರ 4: ತಾಳವಾಡಿಯಿಂದ (ಈರೋಡು ಜಿಲ್ಲೆ)

ನಮ್ಮ ಕಾಡಂಚಿನ ಕನ್ನಡದ ಊರುಗಳಲ್ಲೂ ಇದೇ ಸ್ಥಿತಿ. ಹೊಸ ವಿಷಯವನ್ನು ತಲುಪಿಸಲು ನಾವು ಪೆನ್‌ಡ್ರೈವನ್ನೇ ನಂಬಿದ್ದೇವೆ, ಪೇಟೆಗೆ ಹೋಗಿಬರುವವರು ಅದನ್ನು ತರುತ್ತಾರೆ. ಫ್ಯಾಟ್32 ರೂಪದಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲವಾದ್ದರಿಂದ ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಜಿಮ್ ಕಡತ ಒತ್ತಿದ ರೂಪದಲ್ಲಿರುವುದರಿಂದ ಹೊಸ ಆವೃತ್ತಿಯಲ್ಲಿ ಬದಲಾದ ಭಾಗವನ್ನಷ್ಟೇ ಒಯ್ಯುವುದು ಕಷ್ಟ, ಇಡಿಯಾಗಿಯೇ ತರಬೇಕು. ಊರಿನ ಬರಹಗಳನ್ನು ಸಣ್ಣ ಕಡತಗಳಾಗಿ ಇಟ್ಟರೆ ಆರ್‌ಸಿಂಕ್ ಎಂಬ ನಕಲು ತಂತ್ರಾಂಶ ಬದಲಾದುದನ್ನು ಮಾತ್ರ ನಕಲಿಸುತ್ತದೆ.

ಪೆನ್‌ಡ್ರೈವಿನಲ್ಲಿ ಪ್ರತಿ ಕಡತದ ಹ್ಯಾಶ್ (ಕಡತ ಬದಲಾದರೆ ತಾನೂ ಬದಲಾಗುವ ಗುರುತು) ಇರುವ ಪಟ್ಟಿಯನ್ನು ಇಟ್ಟು, ಆ ಪಟ್ಟಿಗೆ ನಿಮ್ಮ ಡಿಜಿಟಲ್ ಸಹಿ ಹಾಕಿ. ಸಹಿ ಹೊಂದಿದರೆ ಮಾತ್ರ ಪೆಟ್ಟಿಗೆ ಅದನ್ನು ಒಳಗೆ ಬಿಡಬೇಕು. ದಾರಿಯಲ್ಲಿ ಹತ್ತು ಕಂಪ್ಯೂಟರಿಗೆ ಚುಚ್ಚಿ ಬಂದ ಡ್ರೈವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಫೋನಿನಿಂದ ಫೋನಿಗೆ ಹಂಚಲು ಜನ ಶೇರ್‌ಇಟ್, ಕ್ಸೆಂಡರ್ ಬಳಸುತ್ತಿದ್ದರು. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಎರಡೂ ಸೇರಿದ್ದವು. ಈಗ ನಮ್ಮಲ್ಲಿ ಲೋಕಲ್‌ಸೆಂಡ್ ಎಂಬ ಮುಕ್ತ ಆ್ಯಪ್ ನಡೆಯುತ್ತಿದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ಖಾತೆಯೂ ಬೇಡ.

ಪ್ರಶ್ನೆ ಕೇಳಿದವರಿಂದ

ತಮಗೆಲ್ಲರಿಗೂ ಕೃತಜ್ಞತೆಗಳು. ವಿದ್ಯಾರ್ಥಿಗಳಿಗೆ ಈ ಉತ್ತರಗಳನ್ನು ಓದಿಹೇಳಿದೆ. ಆ್ಯಪ್‌ನ ಯೋಚನೆಯನ್ನು ಅವರೇ ಕೈಬಿಟ್ಟರು. ಇಬ್ಬರು ಪ್ರತ್ಯಯದ ನಿಯಮಗಳನ್ನೂ ಇಬ್ಬರು ಸಹಿ ಪರಿಶೀಲಿಸಿ ಪೆನ್‌ಡ್ರೈವಿನಿಂದ ತುಂಬಿಸಿಕೊಳ್ಳುವ ಭಾಗವನ್ನೂ ಬರೆಯುತ್ತಾರೆ. ‘ಪುಸ್ತಕ’ ಮೂರು ತುಂಡಾಗುವುದನ್ನು ನಿನ್ನೆ ರಾತ್ರಿ ನಮ್ಮ ಪೆಟ್ಟಿಗೆಯಲ್ಲೇ ಕಂಡೆವು, ವರ್ಗಗಳನ್ನು ಸೇರಿಸಿದ ಮೇಲೆ ಸರಿಯಾಯಿತು. ಬದಿಯಡ್ಕದವರಲ್ಲಿ ಒಂದು ವಿನಂತಿ: ‘ಗೆ’ ಎಂದು ಕೊನೆಯಾಗುವ ನಾಮಪದಗಳನ್ನು ವಾಚನಾಲಯದ ಹಿರಿಯರು ಕಾಗದದಲ್ಲಿ ಬರೆಯತೊಡಗಿದ್ದಾರೆ, ಈಗಾಗಲೇ ‘ದೀವಿಗೆ’, ‘ಏಳಿಗೆ’, ‘ಬೆಸುಗೆ’ ಬಂದಿವೆ. ‘ಹೊರಗೆ’, ‘ಒಳಗೆ’ ಎಂಬಂಥ ಅವ್ಯಯಗಳನ್ನೂ ಇದೇ ಪಟ್ಟಿಗೆ ಸೇರಿಸಬೇಕೇ, ಬೇರೆಯಾಗಿ ಇಡಬೇಕೇ ಎಂದು ತಿಳಿಸಿದರೆ ಈ ಶನಿವಾರ ಟೈಪು ಮಾಡಲು ಕೂರುತ್ತೇವೆ.